‘ಬೆಂಜ್’ ಲಾರಿ ಗೊತ್ತಾ? ಕಡೂರು ಸೀಮೆಯ ಕಾಯಿ, ಕೊಬ್ಬರಿ ಸಾಗಿಸಿದ ಮೂತಿ ಲಾರಿಯ ಕಥೆ

ದೇವನೂರು (ಕಡೂರು ತಾ.): ಲಕ್ಷ್ಮೀಶ ಕವಿಯ ಊರು ಅಂತ ದೇವನೂರನ್ನು ನಾಡೆಲ್ಲ ಬಲ್ಲದು. ಲಕ್ಷ್ಮೀಕಾಂತ ಸ್ವಾಮಿ ದೇವಸ್ಥಾನ ನೋಡೋಕೆ ಬರುವವರು ಬಸ್ಸಲ್ಲೋ ಕಾರಲ್ಲೋ ಬರ್ತಾರೆ.  ಇಲ್ಲಿನ ತೆಂಗಿನಕಾಯಿ, ಕೊಬ್ಬರಿ, ರಾಗಿ ಹೊರಗೆ ಹೋಗೋದು ಹೆಚ್ಚಾಗಿ ರಸ್ತೆಯಲ್ಲೇ.

ಜಿಲ್ಲೆಯ ಬಹುಪಾಲು ಊರುಗಳಿಗೆ ರಸ್ತೆಯೇ ಗತಿ. ಕಡೂರು, ಬೀರೂರಿನ ಮೇಲೆ ರೈಲು ಓಡಾಡೋಕೆ ಶುರುವಾಗಿ ನೂರು ವರ್ಷಕ್ಕೂ ಮೇಲಾಗಿದೆ. ಆದರೆ ಜಿಲ್ಲಾ ಕೇಂದ್ರವಾದ ಚಿಕ್ಕಮಗಳೂರಿಗೆ ರೈಲು ಬಂದದ್ದು 2013ರ ನವೆಂಬರ್‌ನಲ್ಲಿ! ಅಲ್ಲಿಯವರೆಗೂ ಕಾಫಿ ಚೀಲ ರೈಲು ಹತ್ತಬೇಕು ಅಂದ್ರೆ ಸುಮಾರು 40 ಕಿಲೋಮೀಟರ್ ರಸ್ತೆಯಲ್ಲಿ ಕಡೂರಿಗೆ ಬರಲೇಬೇಕಿತ್ತು. ಬಿತ್ತನೆ ಬೀಜ, ಗೊಬ್ಬರ, ಸೀಮೆಎಣ್ಣೆ, ಸಿಮೆಂಟು ಅದೇ ದಾರಿಯಲ್ಲಿ ವಾಪಸ್ ಹೋಗಬೇಕಿತ್ತು. ರೈಲು ಮಾಡಬೇಕಿದ್ದ ಕೆಲಸವನ್ನು ಇಲ್ಲಿ ಲಾರಿ ಮಾಡಿತು.

ಆ ಲಾರಿಗಳಲ್ಲಿ ಒಂದರ ಹೆಸರು ಮಾತ್ರ ಹಳಬರ ಬಾಯಲ್ಲಿ ಇನ್ನೂ ಉಳಿದಿದೆ: ‘ಬೆಂಜ್’. ಮುಂದಕ್ಕೆ ಉದ್ದ ಮೂತಿ, ಮೂತಿ ತುದಿಯಲ್ಲಿ ಮೂರು ಕಡ್ಡಿಯ ನಕ್ಷತ್ರ. ಕಂಪನಿ ಕಾಗದದಲ್ಲಿ ಅದರ ಹೆಸರು ಟಾಟಾ-ಮರ್ಸಿಡಿಸ್ ಬೆಂಜ್ 312.

ಗಾಡಿ ಕಾಲ

ಲಾರಿಗೆ ಮುಂಚೆ ಇದ್ದದ್ದು ಎತ್ತಿನ ಗಾಡಿ. ಎತ್ತಿನ ವಿಷಯದಲ್ಲಿ ಈ ಸೀಮೆ ಬಡವಾಗಿರಲಿಲ್ಲ. ಹೈದರ್, ಟಿಪ್ಪು ಕಾಲದಲ್ಲಿ ಫಿರಂಗಿ ಎಳೆದ ಅಮೃತಮಹಲ್ ತಳಿಯ ಕೇಂದ್ರ ಇರೋದೇ ಅಜ್ಜಂಪುರದಲ್ಲಿ. ಓಟಕ್ಕೂ ದಮ್ಮಿಗೂ ಹೆಸರಾದ ಎತ್ತುಗಳು ಅವು. ಆದರೂ ಹೇರು ತುಂಬಿದ ಗಾಡಿ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ದಾಟೋದು ಕಷ್ಟ. ಒಂದು ಜೋಡಿ ಎತ್ತು ಎಳೆಯೋದು ಹೆಚ್ಚೆಂದರೆ ಒಂದು ಟನ್ನಿನ ಆಸುಪಾಸು. ಚಿಕ್ಕಮಗಳೂರಿಂದ ಕಡೂರು ಸ್ಟೇಷನ್ನಿಗೆ ಹತ್ತು ಹನ್ನೆರಡು ಗಂಟೆ ದಾರಿ, ನಡುವೆ ಎತ್ತು ಬಿಚ್ಚಿ ಮೇವು ನೀರು ಕೊಡೋ ಹೊತ್ತು ಬೇರೆ.

ಐದು ಟನ್ನಿನ ಒಂದು ಲಾರಿ ಅಷ್ಟೇ ದೂರವನ್ನು ಒಂದೂವರೆ ಎರಡು ಗಂಟೆಯಲ್ಲಿ ಮುಗಿಸಿ, ಸಂಜೆಯೊಳಗೆ ಇನ್ನೊಂದು ಟ್ರಿಪ್ ಹೊಡೀತಿತ್ತು. ಐದಾರು ಗಾಡಿಯವರ ಎರಡು ಮೂರು ದಿನದ ಕೆಲಸ ಒಬ್ಬ ಡ್ರೈವರ್, ಒಬ್ಬ ಕ್ಲೀನರ್ ಕೈಗೆ ಹೋಯಿತು. ಲಾಭ ಆದವರು ಇದ್ದರು, ಬಾಡಿಗೆ ಕಳಕೊಂಡ ಗಾಡಿಯವರೂ ಇದ್ದರು. ಇದನ್ನು ಬಿಟ್ಟು ಬರೀ ಲಾರಿಯ ಹೊಗಳಿಕೆ ಬರೆದರೆ ಅರ್ಧ ಕಥೆ ಆಗುತ್ತೆ.

ಪೆಟ್ರೋಲ್ ಲಾರಿ, ಇದ್ದಿಲು ಲಾರಿ

ಮೊದಲು ಬಂದ ಲಾರಿಗಳು ಅಮೆರಿಕ, ಇಂಗ್ಲೆಂಡಿನವು. ಷೆವರ್ಲೆ, ಫೋರ್ಡ್, ಡಾಡ್ಜ್, ಫಾರ್ಗೋ, ಬೆಡ್‌ಫೋರ್ಡ್. ಬಿಡಿಭಾಗ ಹಡಗಲ್ಲಿ ತಂದು ಇಲ್ಲಿ ಜೋಡಿಸಿ ಮಾರುತ್ತಿದ್ದರು. ಜನರಲ್ ಮೋಟಾರ್ಸ್ 1928ರಲ್ಲೇ ಬೊಂಬಾಯಿಯಲ್ಲಿ ಜೋಡಣೆ ಕಾರ್ಖಾನೆ ತೆರೆದಿತ್ತು. ಬಹುತೇಕ ಎಲ್ಲವೂ ಪೆಟ್ರೋಲ್ ಎಂಜಿನ್. ಮುಂದೆ ಹ್ಯಾಂಡಲ್ ತೂರಿಸಿ ಒಂದು ಸುತ್ತು ಹೊಡೆದರೆ ಸ್ಟಾರ್ಟ್ ಆಗ್ತಿತ್ತು. ಕೈ ಸರಿಯಾಗಿ ಹಿಡಿಯದಿದ್ದರೆ ಹ್ಯಾಂಡಲ್ ವಾಪಸ್ ಒದ್ದು ಮುಂಗೈ ಮುರಿಯೋದೂ ಇತ್ತು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಪೆಟ್ರೋಲಿಗೆ ರೇಷನ್ ಬಂತು. ಆಗ ಬಂದದ್ದು ಇದ್ದಿಲು ಗ್ಯಾಸ್. ಗಾಡಿಯ ಹಿಂದೆಯೋ ಪಕ್ಕದಲ್ಲೋ ಒಂದು ದೊಡ್ಡ ಉಕ್ಕಿನ ಡ್ರಮ್, ಅದರಲ್ಲಿ ಇದ್ದಿಲು ಕೆಂಡ. ಗಾಳಿ ಕಡಿಮೆ ಕೊಟ್ಟು ಉರಿಸಿದಾಗ ಬರುವ ಕಾರ್ಬನ್ ಮೊನಾಕ್ಸೈಡನ್ನು ಸೋಸಿ ಎಂಜಿನ್ನಿಗೆ ಬಿಡೋದು. ಬೆಳಿಗ್ಗೆ ಹೊರಡೋಕೆ ಮುಂಚೆ ಕ್ಲೀನರ್ ಕೂತು ಬ್ಲೋವರ್ ತಿರುಗಿಸಿ ಕೆಂಡ ಎಬ್ಬಿಸಬೇಕು. ಎಂಜಿನ್ ಶಕ್ತಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಇಳಿದುಹೋಗ್ತಿತ್ತು. ಸಣ್ಣ ಏರು ಬಂದರೂ ಪ್ಯಾಸೆಂಜರ್‌ಗಳು ಇಳಿದು ತಳ್ಳಿದ ಕಥೆಗಳು ಹುಟ್ಟಿದ್ದು ಆಗಲೇ.

ಯುದ್ಧ ಮುಗಿದು ಪೆಟ್ರೋಲ್ ಮತ್ತೆ ಸಿಕ್ಕರೂ ಒಂದು ಮಾತು ಎಲ್ಲರಿಗೂ ಮನವರಿಕೆಯಾಗಿತ್ತು. ಬಾಡಿಗೆ ಲಾರಿಯ ಲೆಕ್ಕ ನಿಲ್ಲೋದು ಇಂಧನದ ಮೇಲೆ. ಲಾರಿ ಯಾರದ್ದು, ಎಷ್ಟು ಚಂದ ಅನ್ನೋದು ಆಮೇಲಿನ ಮಾತು.

ಬೆಂಗಳೂರಿಗೆ ಬರಬೇಕಿದ್ದ ಕಾರ್ಖಾನೆ

ಇಲ್ಲಿ ಸ್ವಲ್ಪ ಹಿಂದಕ್ಕೆ ಹೋಗಬೇಕು. ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರಿನಿಂದ ಭದ್ರಾವತಿಯಲ್ಲಿ ಕಬ್ಬಿಣ ತೆಗೆಯೋ ಕೆಲಸ 1923ರಲ್ಲಿ ಶುರುವಾಯಿತು. ಆ ಕಾರ್ಖಾನೆಯನ್ನು ನಿಲ್ಲಿಸಿದವರು ಸರ್ ಎಂ. ವಿಶ್ವೇಶ್ವರಯ್ಯ. ಕಬ್ಬಿಣ ಆಯ್ತು, ಮುಂದೇನು ಅನ್ನೋ ಪ್ರಶ್ನೆಗೆ ಅವರ ಉತ್ತರ ಮೋಟಾರು ಕಾರ್ಖಾನೆ.

1935ರಲ್ಲಿ ಅವರು ಯೂರೋಪು, ಅಮೆರಿಕ ಸುತ್ತಿ ಅಲ್ಲಿನ ಮೋಟಾರು ಕಾರ್ಖಾನೆಗಳನ್ನು ನೋಡಿ ಬಂದರು. ಆಗ ಅವರಿಗೆ ಎಪ್ಪತ್ತು ದಾಟಿತ್ತು. ವರದಿ, ಅಂದಾಜು ಪಟ್ಟಿ ಎಲ್ಲ ತಯಾರಾಯಿತು. ಉದ್ಯಮಿ ವಾಲಚಂದ್ ಹೀರಾಚಂದ್ ಜೊತೆಗೂಡಿದರು, ಅಮೆರಿಕದ ಕ್ರೈಸ್ಲರ್ ಕಂಪನಿಯ ಜೊತೆ ಮಾತುಕತೆಯೂ ಆಯಿತು. ಬೆಂಗಳೂರಲ್ಲಿ ಕಾರ್ಖಾನೆ ಕಟ್ಟೋಕೆ ಮೈಸೂರು ಸಂಸ್ಥಾನ ಒಲವು ತೋರಿಸಿತ್ತು. ಬ್ರಿಟಿಷ್ ಭಾರತ ಸರ್ಕಾರ ಒಪ್ಪಲಿಲ್ಲ. ಯೋಜನೆ ಅಲ್ಲಿಗೇ ನಿಂತಿತು.

ವಾಲಚಂದ್ 1940ರ ಕೊನೆಯಲ್ಲಿ ಇದೇ ಮೈಸೂರು ಸಂಸ್ಥಾನದ ಜೊತೆ ಸೇರಿ ಬೆಂಗಳೂರಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಟ್ಟಿದರು, ಇವತ್ತಿನ ಎಚ್‌ಎಎಲ್. ಲಾರಿಗೆ ಸಿಗದ ಅನುಮತಿ ವಿಮಾನಕ್ಕೆ ಸಿಕ್ಕಿತು, ಯುದ್ಧ ಇತ್ತಲ್ಲ! ಮೋಟಾರು ಕನಸನ್ನು ಅವರು 1944ರಲ್ಲಿ ಬೊಂಬಾಯಿಗೆ ಒಯ್ದು ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು. ಡಾಡ್ಜ್, ಫಾರ್ಗೋ ಲಾರಿಗಳು ಅಲ್ಲಿಂದ ಬಂದವು. ಕೆಮ್ಮಣ್ಣುಗುಂಡಿಯ ಅದಿರು, ಭದ್ರಾವತಿಯ ಕಬ್ಬಿಣ, ಬೆಂಗಳೂರಿನ ಲಾರಿ ಅನ್ನೋ ಸರಪಳಿ ಮಾತ್ರ ಕೂಡಲಿಲ್ಲ.

ಜಮ್‌ಷೆಡ್‌ಪುರ, 1954

ಟಾಟಾ ಸಂಸ್ಥೆ 1945ರಲ್ಲಿ ಜಮ್‌ಷೆಡ್‌ಪುರದಲ್ಲಿ ಟೆಲ್ಕೊ ಅನ್ನೋ ಕಂಪನಿ ಕಟ್ಟಿದ್ದು ರೈಲು ಎಂಜಿನ್ ಮಾಡೋಕೆ. ಲಾರಿ ಆಮೇಲೆ ಬಂದ ಯೋಚನೆ. 1953ರಲ್ಲಿ ಸುಂಕ ಆಯೋಗದ ವರದಿ ಬಂತು. ಬರೀ ಜೋಡಿಸಿ ಮಾರುವವರಿಗೆ ಇಲ್ಲಿ ಜಾಗ ಇಲ್ಲ, ಹಂತ ಹಂತವಾಗಿ ಇಲ್ಲೇ ತಯಾರು ಮಾಡುವವರು ಮಾತ್ರ ಇರಲಿ ಅನ್ನೋದು ಅದರ ತಿರುಳು. ಫೋರ್ಡ್, ಜನರಲ್ ಮೋಟಾರ್ಸ್ ಗಂಟುಮೂಟೆ ಕಟ್ಟಿದವು. ಟೆಲ್ಕೊ ಜರ್ಮನಿಯ ಡೈಮ್ಲರ್-ಬೆಂಜ್ ಜೊತೆ 15 ವರ್ಷದ ಒಪ್ಪಂದ ಮಾಡಿಕೊಂಡು 1954ರಲ್ಲೇ ಮೊದಲ ಲಾರಿ ಹೊರಗೆ ಬಿಟ್ಟಿತು. ಮೊದಮೊದಲು ಜರ್ಮನಿಯ ಬಿಡಿಭಾಗ, ವರ್ಷ ಕಳೆದಂತೆ ಒಂದೊಂದಾಗಿ ಇಲ್ಲಿಯದ್ದೇ.

ಡೈಮ್ಲರ್-ಬೆಂಜ್ ಲಾರಿಗೆ ಹೊಸಬರಲ್ಲ. ಮೋಟಾರು ಲಾರಿ ಅನ್ನೋದನ್ನೇ ಮೊದಲು ಮಾಡಿ ಮಾರಿದವರು ಗಾಟ್‌ಲೀಬ್ ಡೈಮ್ಲರ್, 1896ರಲ್ಲಿ. ನಾಲ್ಕು ಹಾರ್ಸ್‌ಪವರ್, ಒಂದೂವರೆ ಟನ್ ಹೇರು. ನೋಡೋಕೆ ಕುದುರೆ ಬಿಚ್ಚಿದ ಸಾರೋಟಿನ ಹಾಗೆ. ಡೀಸೆಲ್ ಎಂಜಿನ್ನನ್ನು ಲಾರಿಗೆ ಕೂರಿಸಿದ ಮೊದಲಿಗರಲ್ಲಿ ಬೆಂಜ್ ಕಂಪನಿಯೂ ಒಂದು, ಅದು 1923ರ ಮಾತು. ಎರಡೂ ಕಂಪನಿ ಒಂದಾದದ್ದು 1926ರಲ್ಲಿ.

312ರ ಹೊಟ್ಟೆಯಲ್ಲಿ ಏನಿತ್ತು?

312 ಅನ್ನೋದು ಎಂಜಿನ್ನಿನ ನಂಬರು. ಸಾಲಾಗಿ ಆರು ಸಿಲಿಂಡರ್. ಒಂದೊಂದರ ಅಗಲ 90 ಮಿ.ಮೀ., ಪಿಸ್ಟನ್ ಓಡಾಟ 120 ಮಿ.ಮೀ. ಒಟ್ಟು 4,580 ಸಿ.ಸಿ., ಅಂದರೆ ನಾಲ್ಕೂವರೆ ಲೀಟರಿಗೆ ಸ್ವಲ್ಪ ಮೇಲೆ. ಶಕ್ತಿ ಮೊದಲಿಗೆ 90 ಹಾರ್ಸ್‌ಪವರ್, ಆಮೇಲೆ ನೂರರ ಹತ್ತಿರ. ಇವತ್ತು ಒಂದು ಸಾಧಾರಣ ಕಾರಿನಲ್ಲಿ ಅಷ್ಟು ಶಕ್ತಿ ಇದೆ. ಆದರೆ ಕಾರು ಆ ಶಕ್ತಿ ಕೊಡೋಕೆ ಎಂಜಿನ್ನನ್ನು ಐದಾರು ಸಾವಿರ ಸುತ್ತು ಓಡಿಸಬೇಕು. ಬೆಂಜ್ ಎಂಜಿನ್ ನಿಮಿಷಕ್ಕೆ 2,800 ಸುತ್ತಿಗೆ ಮುಗೀತು. ನಿಧಾನ ತಿರುಗೋದು ನಿಧಾನ ಸವೆಯುತ್ತೆ.

ಪೆಟ್ರೋಲ್ ಎಂಜಿನ್ನಿಗೂ ಡೀಸೆಲ್ಲಿಗೂ ಇರೋ ವ್ಯತ್ಯಾಸ ಸೈಕಲ್ ಪಂಪು ಹೊಡೆದವರಿಗೆ ಬೇಗ ಅರ್ಥ ಆಗುತ್ತೆ. ಪಂಪು ಹೊಡೀತಾ ಹೋದರೆ ಅದರ ಬುಡ ಬಿಸಿಯಾಗುತ್ತೆ. ಗಾಳಿ ಒತ್ತಿದರೆ ಕಾಯುತ್ತೆ, ಅಷ್ಟೇ. ಆಗಿನ ಪೆಟ್ರೋಲ್ ಲಾರಿ ಗಾಳಿಯನ್ನು ಆರೇಳು ಪಟ್ಟು ಒತ್ತುತ್ತಿತ್ತು, ಕಿಡಿ ಕೊಡೋಕೆ ಪ್ಲಗ್ ಬೇಕಿತ್ತು. 312 ಎಂಜಿನ್ ಒತ್ತುತ್ತಿದ್ದದ್ದು ಇಪ್ಪತ್ತು ಪಟ್ಟಿನ ಆಸುಪಾಸು. ಮುಕ್ಕಾಲು ಲೀಟರ್ ಗಾಳಿಯನ್ನು ಒಂದು ಬೈ-ಟು ಕಾಫಿ ಲೋಟದೊಳಗೆ ತುರುಕಿದ ಹಾಗೆ. ಆ ಗಾಳಿ ಐನೂರು ಡಿಗ್ರಿ ದಾಟಿ ಕಾದಿರುತ್ತೆ. ಅದರೊಳಕ್ಕೆ ಡೀಸೆಲ್ ಚಿಮುಕಿಸಿದರೆ ತಾನೇ ಹತ್ತಿಕೊಳ್ಳುತ್ತೆ, ಕಿಡಿ ಬೇಡ. ಹೆಚ್ಚು ಒತ್ತಿ ಉರಿಸಿದ್ದರಿಂದ ಅದೇ ಹೇರಿಗೆ, ಅದೇ ದೂರಕ್ಕೆ ಸುಮಾರು ಮೂರನೇ ಒಂದು ಭಾಗದಷ್ಟು ಇಂಧನ ಕಡಿಮೆ ಸಾಕು. ಜೊತೆಗೆ ಡೀಸೆಲ್ ಬೆಲೆಯೂ ಪೆಟ್ರೋಲಿಗಿಂತ ಕಡಿಮೆ. ಸಾಲ ಮಾಡಿ ಒಂದೇ ಲಾರಿ ಇಟ್ಟುಕೊಂಡವನ ಮನೆ ನಡೆದದ್ದು ಈ ಎರಡು ಉಳಿತಾಯದ ಮೇಲೆ.

ಆದರೆ ಡೀಸೆಲ್ ಉರಿಯೋದು ಒರಟಾಗಿ. ಧಡ್ ಅಂತ ಒಮ್ಮೆಲೇ ಹತ್ತಿಕೊಂಡರೆ ಪಿಸ್ಟನ್, ಬೇರಿಂಗಿಗೆ ಸುತ್ತಿಗೆ ಏಟು ಬಿದ್ದ ಹಾಗೆ. ಇದಕ್ಕೆ ಬೆಂಜ್ ಕಂಪನಿಯ ಎಂಜಿನಿಯರ್ ಪ್ರಾಸ್ಪರ್ ಲೊರಾಂಜ್ 1909ರಲ್ಲೇ ಪೇಟೆಂಟ್ ಪಡೆದ ಉಪಾಯ ಇತ್ತು. ಸಿಲಿಂಡರ್ ತಲೆಯಲ್ಲಿ ಒಂದು ಪುಟ್ಟ ಕೋಣೆ. ಡೀಸೆಲ್ಲನ್ನು ನೇರವಾಗಿ ಸಿಲಿಂಡರಿಗೆ ಬಿಡದೆ ಮೊದಲು ಆ ಕೋಣೆಗೆ ಬಿಡೋದು. ಅಲ್ಲಿ ಗಾಳಿ ಸಾಲದೆ ಅರ್ಧಂಬರ್ಧ ಹತ್ತಿಕೊಂಡ ಡೀಸೆಲ್ ಸಣ್ಣ ತೂತುಗಳ ಮೂಲಕ ಜ್ವಾಲೆಯಾಗಿ ಕೆಳಗೆ ನುಗ್ಗಿ, ದೊಡ್ಡ ಸಿಲಿಂಡರಿನ ಗಾಳಿ ಜೊತೆ ಕಲೆತು ಪೂರ್ತಿ ಉರಿಯುತ್ತೆ. ಏಟು ಮೆತ್ತಗಾಗುತ್ತೆ. ಡೀಸೆಲ್ ಸ್ವಲ್ಪ ಕಳಪೆಯಾಗಿದ್ದರೂ ನಡೆಯುತ್ತೆ. ಹಳ್ಳಿ ರಸ್ತೆ, ಡ್ರಮ್ಮಿನಲ್ಲಿ ಇಟ್ಟ ಡೀಸೆಲ್, ಕೈಗೆ ಸಿಕ್ಕ ಮೆಕ್ಯಾನಿಕ್ ಇದ್ದ ದೇಶಕ್ಕೆ ಇದು ಹೇಳಿ ಮಾಡಿಸಿದ ಗುಣ.

ಬೆಲೆ ತೆರದೆ ಬಂದ ಗುಣ ಅಲ್ಲ ಅದು. ಆ ಪುಟ್ಟ ಕೋಣೆಯ ಗೋಡೆ ಶಾಖ ಕುಡಿದುಬಿಡುತ್ತೆ. ಎಂಜಿನ್ ತಣ್ಣಗಿದ್ದಾಗ ಎಷ್ಟು ಒತ್ತಿದರೂ ಡೀಸೆಲ್ ಹತ್ತಿಕೊಳ್ಳಲ್ಲ. ಅದಕ್ಕೇ ಒಂದೊಂದು ಕೋಣೆಗೂ ಒಂದೊಂದು ಹೀಟರ್ ಪ್ಲಗ್.

ಚಳಿಗಾಲದ ಬೆಳಿಗ್ಗೆ

ಡಿಸೆಂಬರ್ ಬೆಳಿಗ್ಗೆ ಬಾಬಾಬುಡನ್‌ಗಿರಿ ತಪ್ಪಲಲ್ಲಿ ಬೆಂಜ್ ಸ್ಟಾರ್ಟ್ ಮಾಡೋದು ಒಂದು ಪೂಜೆ ಇದ್ದ ಹಾಗೆ. ಮೊದಲು ಹೀಟರ್ ಹಾಕಿ ಕಾಯೋದು. ಡ್ಯಾಶ್‌ಬೋರ್ಡಿನಲ್ಲಿ ಪುಟ್ಟ ಜಾಲರಿ ಹಿಂದೆ ಒಂದು ತಂತಿ ನಿಧಾನಕ್ಕೆ ಕೆಂಪಾಗುತ್ತೆ. ಅದು ಕೆಂಡದ ಬಣ್ಣಕ್ಕೆ ಬಂದಾಗ ಒಳಗಿನ ಪ್ಲಗ್ಗುಗಳೂ ಕಾದಿವೆ ಅಂತ ಲೆಕ್ಕ. ಆಮೇಲೆ ಸ್ಟಾರ್ಟರ್.

ಈ ಪ್ಲಗ್ಗುಗಳನ್ನು ಹಳೇ ಕಾಲದ ಸೀರಿಯಲ್ ಬಲ್ಬಿನ ಹಾಗೆ ಒಂದರ ಹಿಂದೆ ಒಂದು ಜೋಡಿಸಿರುತ್ತಿದ್ದರು. ಒಂದು ಸುಟ್ಟರೆ ಆರೂ ಸತ್ತ ಹಾಗೆ, ತಂತಿಯೂ ಕೆಂಪಾಗಲ್ಲ. ಯಾವುದು ಸುಟ್ಟಿದೆ ಅಂತ ಹುಡುಕೋಕೆ ಸ್ಕ್ರೂಡ್ರೈವರ್ ಹಿಡಿದು ಒಂದೊಂದೇ ಪ್ಲಗ್ಗಿನ ಎರಡು ತುದಿ ಸೇರಿಸಿ ನೋಡೋದು. ಸುಟ್ಟದ್ದಕ್ಕೆ ಸೇರಿಸಿದ ತಕ್ಷಣ ಡ್ಯಾಶ್‌ಬೋರ್ಡಿನ ತಂತಿ ಮತ್ತೆ ಹೊಳೆಯುತ್ತೆ. ಮೀಟರೂ ಬೇಡ, ಮೆಕ್ಯಾನಿಕ್ಕೂ ಬೇಡ.

ಬ್ಯಾಟರಿ ಕೈಕೊಟ್ಟರೆ? ಪೆಟ್ರೋಲ್ ಲಾರಿ ಹಾಗೆ ಹ್ಯಾಂಡಲ್ ಹೊಡೆದು ಎಬ್ಬಿಸೋ ಎಂಜಿನ್ ಅಲ್ಲ ಇದು, ಇಪ್ಪತ್ತು ಪಟ್ಟು ಒತ್ತೋ ಎಂಜಿನ್ನನ್ನು ತೋಳಲ್ಲಿ ತಿರುಗಿಸೋಕೆ ಆಗಲ್ಲ. ಹಾಗಾಗಿ ರಾತ್ರಿ ಲಾರಿಯನ್ನು ಇಳಿಜಾರು ನೋಡಿ ನಿಲ್ಲಿಸಿ, ಗಾಲಿಗೆ ಕಲ್ಲು ಕೊಟ್ಟು ಮಲಗೋದು. ಬೆಳಿಗ್ಗೆ ಕ್ಲೀನರ್ ಕಲ್ಲು ತೆಗೆದರೆ ಲಾರಿ ಉರುಳುತ್ತೆ, ಡ್ರೈವರ್ ಸೆಕೆಂಡ್ ಗೇರಿನಲ್ಲಿ ಕ್ಲಚ್ ಬಿಡ್ತಾನೆ. ಊರ ಹೊರಗಿನ ದಿಣ್ಣೆಗಳಲ್ಲಿ ಲಾರಿಗಳು ಸಾಲಾಗಿ ನಿಲ್ಲುತ್ತಿದ್ದದ್ದು ಇದಕ್ಕೆ.

ಇನ್ನೊಂದು ಕಾಟ ಏರ್ ಲಾಕ್. ಟ್ಯಾಂಕು ಪೂರ್ತಿ ಖಾಲಿಯಾಗಿ ಪೈಪಿಗೆ ಗಾಳಿ ಹೊಕ್ಕರೆ, ಆಮೇಲೆ ಎಷ್ಟು ಡೀಸೆಲ್ ಸುರಿದರೂ ಎಂಜಿನ್ ಅಲುಗಾಡಲ್ಲ. ಗಾಳಿ ಅಮುಕಿದರೆ ಅಮುಕಿಕೊಳ್ಳುತ್ತೆ, ಒತ್ತಡವೇ ಹುಟ್ಟಲ್ಲ. ಪೈಪಿನ ನಟ್ಟು ಸಡಿಲಿಸಿ ಕೈಪಂಪು ಒತ್ತುತ್ತಾ ಗುಳ್ಳೆ ಎಲ್ಲ ಹೋಗಿ ಬರೀ ಡೀಸೆಲ್ ಬರುವವರೆಗೂ ಕಾಯಬೇಕು. ಕ್ಲೀನರ್ ಕಲಿಯೋ ಮೊದಲ ಪಾಠಗಳಲ್ಲಿ ಇದೊಂದು.

ಆರು ಸಿಲಿಂಡರಿಗೆ ಡೀಸೆಲ್ ಹಂಚುವ ಆ ಇಂಜೆಕ್ಷನ್ ಪಂಪು ಲಾರಿಯ ಅತಿ ನಾಜೂಕಿನ ಭಾಗ. ಪೂರ್ತಿ ವೇಗದಲ್ಲಿ ನಿಮಿಷಕ್ಕೆ 8,400 ಸಲ ಅದು ಡೀಸೆಲ್ ಚಿಮುಕಿಸಬೇಕು. ಒಂದು ಸಲಕ್ಕೆ ಹೋಗೋದು ಒಂದು ಹನಿಗಿಂತ ಕಡಿಮೆ. ಲಾರಿ ಟಯರಿನ ಗಾಳಿಗಿಂತ ಹತ್ತು ಪಟ್ಟಿಗೂ ಹೆಚ್ಚಿನ ಒತ್ತಡ. ಅದರೊಳಗಿನ ಕಡ್ಡಿಗೂ ಕೊಳವೆಗೂ ನಡುವಿನ ಸಂದು ತಲೆಗೂದಲಿನ ಇಪ್ಪತ್ತನೇ ಒಂದು ಭಾಗವೂ ಇರಲ್ಲ. ಒಂದು ಚಿಟಿಕೆ ಧೂಳು ಹೊಕ್ಕರೆ ಕೆಲಸ ಕೆಟ್ಟಿತು. ಡೀಸೆಲ್ ಲಾರಿ ಇಲ್ಲೇ ತಯಾರಾಗಬೇಕಾದರೆ ಈ ಪಂಪು ಇಲ್ಲೇ ತಯಾರಾಗಬೇಕಿತ್ತು.

ಅದು ತಯಾರಾದದ್ದು ಎಲ್ಲಿ ಗೊತ್ತಾ? ಬೆಂಗಳೂರಿನ ಆಡುಗೋಡಿಯಲ್ಲಿ. ಜರ್ಮನಿಯ ಬಾಷ್ ಜೊತೆಗೂಡಿ 1951ರಲ್ಲಿ ಹುಟ್ಟಿದ ಮೈಕೊ ಕಂಪನಿ ಸ್ಪಾರ್ಕ್ ಪ್ಲಗ್ಗಿನ ಜೊತೆಗೆ ಡೀಸೆಲ್ ಪಂಪು, ನಾಜಲ್‌ಗಳನ್ನೂ ಮಾಡಿತು. ವಿಶ್ವೇಶ್ವರಯ್ಯನವರು ಬಯಸಿದ ಲಾರಿ ಕಾರ್ಖಾನೆ ಬೆಂಗಳೂರಿಗೆ ಬರಲಿಲ್ಲ, ಆದರೆ ದೇಶದ ಡೀಸೆಲ್ ಲಾರಿಗಳಿಗೆ ಪಂಪು ಹೋದದ್ದು ಅಲ್ಲಿಂದ. ‘ಪಂಪ್ ಕೆಲಸ’ ಮಾಡುವ ಅಂಗಡಿಗಳ ಬೋರ್ಡಿನಲ್ಲಿ ಮೈಕೊ ಹೆಸರು ಎಷ್ಟೋ ವರ್ಷ ಉಳಿದದ್ದು ಹಾಗೆ.

ಏರು, ಇಳಿಜಾರು, ಓವರ್‌ಲೋಡ್

ಕಂಪನಿ ಕೊಡುತ್ತಿದ್ದದ್ದು ಹೆಚ್ಚಾಗಿ ಬರೀ ಚಾಸಿ. ಎರಡು ಉದ್ದ ಉಕ್ಕಿನ ತೊಲೆ, ಅಡ್ಡಪಟ್ಟಿ, ಎಂಜಿನ್, ಗೇರ್‌ಬಾಕ್ಸ್, ಹಿಂದೆ ಜೋಡಿ ಟಯರ್. ಮೇಲಿನ ಮರದ ಬಾಡಿ, ಕ್ಯಾಬಿನ್ನಿನ ಹಲಗೆ ಕಟ್ಟುತ್ತಿದ್ದವರು ಆಯಾ ಊರಿನ ಬಡಗಿಗಳು. ಲಾರಿಯ ಮೈ ನೋಡಿದರೆ ಯಾವ ಊರಲ್ಲಿ ಕಟ್ಟಿಸಿದ್ದು ಅಂತ ಹೇಳಬಲ್ಲವರಿದ್ದರು.

ಆ ಕಾಲದ ಲಾರಿಗಳಲ್ಲಿ ಗೇರು ಬದಲಾಯಿಸೋಕೆ ಡಬಲ್ ಕ್ಲಚ್ ಬೇಕಿತ್ತು. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಒಂದು ಚೂರು ಆಕ್ಸಿಲರೇಟರ್, ಮತ್ತೆ ಒತ್ತಿ ಕೆಳಗಿನ ಗೇರು. ಎರಡು ಚಕ್ರದ ವೇಗ ಸರಿಹೊಂದದಿದ್ದರೆ ಕರಕರ ಅಂತ ಊರಿಗೆಲ್ಲ ಕೇಳುತ್ತೆ. ಚಾರ್ಮಾಡಿಯಂಥ ಘಾಟಿಯಲ್ಲಿ ತಪ್ಪಿದ ಗೇರು ಬರೀ ನಾಚಿಕೆಯ ಮಾತಲ್ಲ, ನ್ಯೂಟ್ರಲ್‌ನಲ್ಲಿ ಸಿಕ್ಕಿಕೊಂಡ ಲಾರಿ ಜೀವ ತೆಗೆಯುತ್ತೆ. ಹತ್ತಿದ ಗೇರಲ್ಲೇ ಇಳಿ ಅನ್ನೋ ಡ್ರೈವರ್‌ಗಳ ಮಾತು ಅದಕ್ಕೇ. ಕೆಳಗಿನ ಗೇರಲ್ಲಿ ಎಂಜಿನ್ನೇ ಲಾರಿಯನ್ನು ಹಿಡಿದಿಡುತ್ತೆ, ಬ್ರೇಕು ಕಾದು ಸೋಲೋದು ತಪ್ಪುತ್ತೆ.

312ಕ್ಕೆ ಜರ್ಮನಿಯವರು ಅಂದಾಜು ಮಾಡಿದ ಹೇರು ನಾಲ್ಕೂವರೆ ಐದು ಟನ್. ಇಲ್ಲಿ ಅಷ್ಟಕ್ಕೆ ನಿಲ್ಲಿಸಿದವರು ಕಡಿಮೆ. ಸ್ಪ್ರಿಂಗಿಗೆ ಎರಡು ಪಾಟಾ ಹೆಚ್ಚು ಸೇರಿಸಿದರೆ ಲಾರಿ ಕುಸಿಯದೆ ನಿಲ್ಲುತ್ತಿತ್ತು, ಮಾಲೀಕನಿಗೆ ಬಾಡಿಗೆಯೂ ಹೆಚ್ಚು. ಚಾಸಿಯೂ ಎಂಜಿನ್ನೂ ತಡೆದುಕೊಂಡವು. ಅದೇ ಮೋಸ. ಪಾಟಾ ಸೇರಿಸಿದಷ್ಟು ಸುಲಭವಾಗಿ ಬ್ರೇಕ್ ದೊಡ್ಡದಾಗಲಿಲ್ಲ. ಏರು ಹತ್ತಿಸಿದ ಹೇರು ಇಳಿಜಾರಲ್ಲಿ ಲೆಕ್ಕ ಕೇಳುತ್ತಿತ್ತು. ಲೆಕ್ಕ ಕೊಡುತ್ತಿದ್ದವರು ಕ್ಯಾಬಿನ್ನಲ್ಲಿ ಕೂತವರು ಮತ್ತು ಚೀಲದ ಮೇಲೆ ಕೂತ ಹಮಾಲರು. ಗಟ್ಟಿ ಲಾರಿ ಅನ್ನೋ ಹೊಗಳಿಕೆ ಕೇಳಿದಾಗ ಇದನ್ನೂ ನೆನೆಯಬೇಕು.

ನಕ್ಷತ್ರ ಹೋಗಿ ‘ಟಿ’ ಬಂತು

15 ವರ್ಷದ ಒಪ್ಪಂದ 1969ರಲ್ಲಿ ಮುಗಿಯಿತು. ಮೂತಿಯ ಮೇಲಿನ ನಕ್ಷತ್ರ ತೆಗೆದು ಟಾಟಾದ ‘ಟಿ’ ಅಕ್ಷರ ಕೂರಿಸಿದರು. ಒಳಗಿನ ಸಾಮಾನು ಬಹುಮಟ್ಟಿಗೆ ಅದೇ, ಹಾಗಾಗಿ ರಸ್ತೆಯಲ್ಲಿ ಹೆಸರೂ ಬದಲಾಗಲಿಲ್ಲ. ‘ಟಿ’ ಇದ್ದ ಲಾರಿಯನ್ನೂ ಜನ ಬೆಂಜ್ ಅಂತಲೇ ಕರೆದರು. ಮುಂದೆ ಮನೆಮಾತಾದ 1210 ಲಾರಿಯ ಹೆಸರಿನ ಗುಟ್ಟು ಬೇರೆ. ಮೊದಲೆರಡು ಅಂಕಿ ಹೇರು ಸೇರಿ ಒಟ್ಟು ತೂಕ, 12 ಟನ್. ಕೊನೆಯೆರಡನ್ನು ಹತ್ತರಿಂದ ಗುಣಿಸಿದರೆ ಹಾರ್ಸ್‌ಪವರ್, 100. ಆಮೇಲೆ ಬಂದ 1612ಕ್ಕೂ ಇದೇ ಲೆಕ್ಕ.

ಮೂತಿ ಚಿಕ್ಕದಾಗುತ್ತಾ ಬಂದದ್ದಕ್ಕೂ ಕಾರಣ ಇದೆ. ಎಂಜಿನ್ ಮುಂದೆ ಚಾಚಿಕೊಂಡಷ್ಟೂ ಅದೇ ಉದ್ದದ ಲಾರಿಯಲ್ಲಿ ಹೇರಿಗೆ ಜಾಗ ಕಡಿಮೆ. ಎಂಜಿನ್ನನ್ನು ಕ್ಯಾಬಿನ್ನಿನೊಳಕ್ಕೆ ಎಳೆದುಕೊಂಡರೆ ಹಿಂದೆ ಒಂದೆರಡು ಸಾಲು ಚೀಲ ಹೆಚ್ಚು ಹಿಡಿಯುತ್ತೆ. ಅದರ ಶಾಖ, ಸದ್ದು ಮಾತ್ರ ಡ್ರೈವರ್ ಪಾಲಿಗೆ ಬಂತು.

ಪೂರ್ತಿ ಮೂತಿ ಲಾರಿ ಈಗ ರಸ್ತೆಯಲ್ಲಿ ಸಿಗೋದು ಅಪರೂಪ. ಯಾವುದಾದರೂ ತೋಟದ ಮೂಲೆಯಲ್ಲೋ ಗುಜರಿಯಲ್ಲೋ ಕಂಡರೆ ಬಾನೆಟ್ಟಿನ ತುದಿ ನೋಡಿ. ನಕ್ಷತ್ರ ಇದ್ದರೆ, ಅಥವಾ ನಕ್ಷತ್ರ ಕಿತ್ತ ಗುರುತು ಇದ್ದರೆ, ಅದು 1969ಕ್ಕೆ ಮುಂಚಿನದು. ‘ಟಿ’ ಇದ್ದರೆ ಆಮೇಲಿನದು. ಡ್ಯಾಶ್‌ಬೋರ್ಡ್ ಉಳಿದಿದ್ದರೆ ಆ ಪುಟ್ಟ ಜಾಲರಿಯನ್ನೂ ಹುಡುಕಿ.